ಮಾಳಿಗೆಯ ನೆಲ ಕುಣಿಯುವುದೇಕೆ? ಅದನ್ನು ನಿಲ್ಲಿಸುವುದು ಹೇಗೆ?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಮುಂಬಯಿಗೆ ಬಂದ ನಮ್ಮವರು ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ: ಇದ್ದ ಖೋಲಿಯ ಮೇಲೆ ಮಾಳಿಗೆ ಏರಿಸಿ ನೋಡು. ಊರಿನಲ್ಲಿ ಸಂಸಾರ ಬೆಳೆದರೆ ಹಿತ್ತಲಿನ ಕಡೆಗೆ ಒಂದು ಪಡಸಾಲೆ ಇಳಿಸಬಹುದು. ಇಲ್ಲಿ ಹಿತ್ತಲೆಲ್ಲಿಯದು? ತಮ್ಮನ ಮದುವೆಯಾಯಿತು, ಊರಿನಿಂದ ತಾಯಿತಂದೆ ಬಂದರು, ಮಕ್ಕಳಿಗೆ ಓದಲು ಮೂಲೆ ಬೇಕಾಯಿತು ಎಂದರೆ ಮನೆ ಮೇಲಕ್ಕೇ ಬೆಳೆಯಬೇಕು. ನಾಲ್ಕು ಜಂತಿ ಹಾಕಿ, ಮೇಲೆ ಪ್ಲೈವುಡ್ ಹೊಡೆದು, ಕಬ್ಬಿಣದ ಏಣಿ ನಿಲ್ಲಿಸಿದರೆ ಮಾಳಿಗೆ ಸಿದ್ಧ. ಆರು ತಿಂಗಳಾಗುವಷ್ಟರಲ್ಲಿ ಮೇಲೆ ಹುಡುಗ ಓಡಿದರೆ ಕೆಳಗೆ ಮಾಡದಲ್ಲಿಟ್ಟ ಪಾತ್ರೆಗಳು ಗಲಗಲ ಎನ್ನುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವನಿಗೆ ಹೊರಳಿದಾಗಲೆಲ್ಲ ತೊಟ್ಟಿಲಿನಲ್ಲಿದ್ದಂತಾಗುತ್ತದೆ.

ಈ ಕುಣಿತ ಕೇವಲ ಕಿರಿಕಿರಿಯೋ, ಅಪಾಯದ ಸೂಚನೆಯೋ ಎಂಬುದು ಮೊದಲ ಪ್ರಶ್ನೆ. ಕಡಿಮೆ ಖರ್ಚಿನಲ್ಲಿ ಅದನ್ನು ನಿಲ್ಲಿಸುವುದು ಹೇಗೆಂಬುದು ಎರಡನೆಯದು. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಎಂಜಿನಿಯರರಲ್ಲ. ಆದರೆ ಇಲ್ಲಿ ಬೇಕಾದ ಗಣಿತ ಗುಣಾಕಾರ ಭಾಗಾಕಾರಗಳಷ್ಟೇ. ಇಷ್ಟನ್ನು ತಿಳಿದಿದ್ದರೆ ಮಿಸ್ತ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸಾಲ ಮಾಡುವ ಪ್ರಸಂಗ ತಪ್ಪೀತು. ಅದಕ್ಕಾಗಿಯೇ ಈ ಪಾಠ.

ಬಲ ಬೇರೆ, ಬಿಗುವು ಬೇರೆ

ಮೊದಲು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ. ಭಾರ ಹೊತ್ತರೂ ಮುರಿಯದಿರುವುದು ಬಲ. ಭಾರ ಹೊತ್ತಾಗ ಹೆಚ್ಚು ಬಾಗದಿರುವುದು ಬಿಗುವು. ಬಿದಿರಿನ ಕೋಲು ಬಹಳ ಬಾಗುತ್ತದೆ, ಆದರೆ ಬೇಗನೆ ಮುರಿಯುವುದಿಲ್ಲ. ಅದಕ್ಕೆ ಬಲವುಂಟು, ಬಿಗುವಿಲ್ಲ. ಹಂಚಿನ ತುಂಡು ಬಾಗುವುದೇ ಇಲ್ಲ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದಕ್ಕೆ ಬಿಗುವುಂಟು, ಬಲ ಕಡಿಮೆ.

ನೆಲ ಕುಣಿಯುತ್ತದೆಂದರೆ ಅದಕ್ಕೆ ಬಿಗುವು ಸಾಲದು ಎಂದರ್ಥ. ಕುಣಿಯುವ ನೆಲವೆಲ್ಲ ನಾಳೆಯೇ ಬೀಳುವುದಿಲ್ಲ. ಆದರೆ ಬಿಗುವು ತೀರ ಕಡಿಮೆಯಾದಲ್ಲಿ ಬಲವೂ ಅಂಚಿಗೆ ಬಂದಿರುವ ಸಂಭವ ಹೆಚ್ಚು. ಆದುದರಿಂದ ಕುಣಿತವನ್ನು ಅಲಕ್ಷಿಸಬಾರದು.

ಊರಿನ ಅಂಕಣದಲ್ಲಿರುವ ಜಾಣ್ಮೆ

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೆನಪಿಗೆ ತಂದುಕೊಳ್ಳಿರಿ. ಮೇಲೆ ಗೇಣುಗಟ್ಟಲೆ ಮಣ್ಣು. ಆದರೂ ಅವು ತಲೆಮಾರುಗಳ ಕಾಲ ನಿಂತಿವೆ. ಆ ಮನೆಗಳನ್ನು ಅಳೆಯುತ್ತಿದ್ದುದು ಅಂಕಣದಿಂದ. ಎಷ್ಟು ಅಂಕಣದ ಮನೆ ಎಂದು ಕೇಳುತ್ತಿದ್ದರೇ ಹೊರತು ಎಷ್ಟು ಚದರ ಫೂಟು ಎಂದಲ್ಲ. ಕಂಬದಿಂದ ಕಂಬಕ್ಕಿರುವ ಎಡೆಯೇ ಅಂಕಣ. ಮನೆ ಎಷ್ಟು ದೊಡ್ಡದಾದರೂ ಅಂಕಣ ದೊಡ್ಡದಾಗುತ್ತಿರಲಿಲ್ಲ, ಅಂಕಣಗಳ ಸಂಖ್ಯೆ ಹೆಚ್ಚುತ್ತಿತ್ತು. ಕಂಬದ ಮೇಲೆ ಬೋದಿಗೆ ಇಟ್ಟು, ಅದರ ಮೇಲೆ ತೊಲೆ ಕೂಡಿಸಿ, ತೊಲೆಯ ಮೇಲೆ ಜಂತಿಗಳನ್ನು ಒತ್ತೊತ್ತಾಗಿ ಹರಡುತ್ತಿದ್ದರು. ಬೋದಿಗೆಯ ಎರಡು ತೋಳುಗಳು ತೊಲೆಯ ಉದ್ದವನ್ನು ಇನ್ನಷ್ಟು ಕಡಿಮೆ ಮಾಡುತ್ತಿದ್ದವು.

ಇದರ ಹಿಂದಿರುವ ತತ್ತ್ವವೊಂದೇ: ಆಸರೆಯಿಲ್ಲದ ಉದ್ದವನ್ನು ಚಿಕ್ಕದಾಗಿಡುವುದು. ಮುಂಬಯಿಯ ಖೋಲಿಯಲ್ಲಿ ನಡುವೆ ಕಂಬ ಬೇಡವೆಂದು ಹತ್ತು ಫೂಟನ್ನು ಒಂದೇ ನೆಗೆತಕ್ಕೆ ದಾಟಿಸುತ್ತೇವೆ; ಹಣ ಉಳಿಸಲು ಜಂತಿಯನ್ನೂ ತೆಳ್ಳಗೆ ಮಾಡುತ್ತೇವೆ. ಕುಣಿತ ಇಲ್ಲಿಂದ ಹುಟ್ಟುತ್ತದೆ.

ಲೆಕ್ಕದ ಮೂಲಸೂತ್ರ

ಜಂತಿಯ ಬಿಗುವನ್ನು ತಿಳಿಯಲು ಅದರ ಅಗಲವನ್ನು ಎತ್ತರದಿಂದ ಮೂರು ಸಲ ಗುಣಿಸಬೇಕು. ಎರಡು ಇಂಚು ಅಗಲ, ನಾಲ್ಕು ಇಂಚು ಎತ್ತರದ ಜಂತಿಗೆ: 2 × 4 × 4 × 4 = 128.

ಅದೇ ಜಂತಿಯನ್ನು ಮಲಗಿಸಿ ಹಾಕಿದರೆ ಅಗಲ 4, ಎತ್ತರ 2 ಆಗುತ್ತದೆ: 4 × 2 × 2 × 2 = 32. ಮರ ಅದೇ, ದುಡ್ಡೂ ಅದೇ, ಆದರೆ ಬಿಗುವು ಕಾಲು ಭಾಗ! ನಿಲ್ಲಿಸಿದ ಹಲಗೆ ಮಲಗಿಸಿದ ಹಲಗೆಗಿಂತ ಹೆಚ್ಚು ಭಾರ ತಾಳುತ್ತದೆಂಬುದನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕಾರಣ ಸಹಿತ ವಿವರಿಸಿದ. ನಮ್ಮ ಬಡಗಿಗಳಿಗೆ ಅದು ಕೈಯ ಅನುಭವದಿಂದಲೇ ಗೊತ್ತಿತ್ತು.

ಈಗ ಇನ್ನೊಂದು ಹೋಲಿಕೆ. 3 × 4 ಇಂಚಿನ ಜಂತಿ ಮತ್ತು 2 × 6 ಇಂಚಿನ ಜಂತಿ, ಎರಡರಲ್ಲೂ ಮರ ಸರಿಸಮ. ಮೊದಲಿನದರ ಲೆಕ್ಕ 3 × 4 × 4 × 4 = 192. ಎರಡನೆಯದರ ಲೆಕ್ಕ 2 × 6 × 6 × 6 = 432. ಅದೇ ಮರಕ್ಕೆ ಎರಡೂಕಾಲು ಪಟ್ಟು ಬಿಗುವು. ಆದುದರಿಂದ ಮರದ ಡಿಪೋದಲ್ಲಿ ದಪ್ಪ ಜಂತಿ ಕೇಳಬೇಡಿರಿ, ಎತ್ತರದ ಜಂತಿ ಕೇಳಿರಿ.

ಉದ್ದದ ಲೆಕ್ಕ ಇದಕ್ಕಿಂತ ಕಟ್ಟುನಿಟ್ಟಾದದ್ದು. ಜಂತಿಯ ನಡುವೆ ಒಬ್ಬ ಮನುಷ್ಯ ನಿಂತರೆ ಅದು ಬಾಗುವ ಪ್ರಮಾಣ ಉದ್ದದ ಮೂರು ಗುಣಾಕಾರವನ್ನು ಅನುಸರಿಸುತ್ತದೆ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ಉದ್ದ ಅರ್ಧವಾದರೆ ಬಾಗು ಎಂಟರಲ್ಲೊಂದು ಪಾಲು. ದುರಸ್ತಿಗಳಲ್ಲೆಲ್ಲ ಹೆಚ್ಚು ಫಲ ಕೊಡುವುದು ಯಾವುದೆಂಬುದು ಇದರಿಂದಲೇ ತಿಳಿಯುತ್ತದೆ.

ಒಂದು ಖೋಲಿಯ ಉದಾಹರಣೆ

12 ಫೂಟು ಉದ್ದ, 10 ಫೂಟು ಅಗಲದ ಖೋಲಿಯ ಮೇಲೆ ಮಾಳಿಗೆ ಕಟ್ಟಲಾಗಿದೆಯೆನ್ನಿ. 2 × 4 ಇಂಚಿನ ಏಳು ಸಾಗವಾನಿ ಜಂತಿಗಳು, ಎರಡೆರಡು ಫೂಟಿಗೆ ಒಂದರಂತೆ, 10 ಫೂಟನ್ನು ದಾಟುತ್ತವೆ. ಇದು ನಮ್ಮ ವಸತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಡು.

65 ಕಿಲೋ ತೂಕದ ಒಬ್ಬ ಮನುಷ್ಯ ಒಂದು ಜಂತಿಯ ನಟ್ಟನಡುವೆ ನಿಂತರೆ, ಆ ಜಂತಿಯೊಂದೇ ಭಾರ ಹೊತ್ತಾಗ, ಅದು ಸುಮಾರು 9 ಮಿಲಿಮೀಟರು ಕೆಳಗಿಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಕಿರುಬೆರಳಿನ ದಪ್ಪ. ಅದೇ ಜಂತಿ 2 × 6 ಇಂಚಿನದಾಗಿದ್ದರೆ ಇಳಿತ ಎರಡೂವರೆ ಮಿಲಿಮೀಟರು ಮಾತ್ರ.

ಇಡೀ ನೆಲದ ಲೆಕ್ಕವನ್ನೂ ನೋಡೋಣ. ವಾಸದ ಮನೆಯ ನೆಲವು ಪ್ರತಿ ಚದರ ಮೀಟರಿಗೆ 200 ಕಿಲೋ ಜನ ಮತ್ತು ಸಾಮಾನುಗಳನ್ನು ಹೊರುವಂತಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನೆಲದ ಸ್ವಂತ ತೂಕ 50 ಕಿಲೋ ಹಿಡಿದರೆ ಒಟ್ಟು 250. ಈ ಭಾರಕ್ಕೆ ನಮ್ಮ 2 × 4 ಜಂತಿ 38 ಮಿಲಿಮೀಟರು ಬಾಗುತ್ತದೆ. ಮರದ ಕೆಲಸದ ಮಾನಕವು ಸಾಮಾನ್ಯವಾಗಿ ಉದ್ದದ 240ರಲ್ಲೊಂದು ಪಾಲಿಗಿಂತ ಹೆಚ್ಚು ಬಾಗಬಾರದೆನ್ನುತ್ತದೆ. 10 ಫೂಟಿಗೆ ಇದು 12-13 ಮಿಲಿಮೀಟರು. ಅಂದಮೇಲೆ ನಮ್ಮ ಜಂತಿ ಮಿತಿಯ ಮೂರು ಪಟ್ಟು ಬಾಗಿತು. ಹೀಗೆ ಪೂರ್ತಿ ತುಂಬಿದ ನೆಲದಲ್ಲಿ ಅದರ ಬಲವೂ ಸಾಲದು. 2 × 6 ಜಂತಿಯಾದರೆ 11 ಮಿಲಿಮೀಟರು ಬಾಗಿ ಮಿತಿಯೊಳಗೆ ನಿಲ್ಲುತ್ತದೆ. ಎರಡೇ ಇಂಚು ಎತ್ತರದ ವ್ಯತ್ಯಾಸಕ್ಕೆ ಇಷ್ಟು ಫಲ.

ಜೋಕಾಲಿಯ ನ್ಯಾಯ

ಬಾಗುವುದು ಒಂದು, ಕುಣಿಯುವುದು ಇನ್ನೊಂದು. ನಾಗರಪಂಚಮಿಯ ಜೋಕಾಲಿ ಎಲ್ಲರಿಗೂ ಗೊತ್ತು. ಅದಕ್ಕೆ ತನ್ನದೇ ಒಂದು ಲಯ. ಆ ಲಯಕ್ಕೆ ಸರಿಯಾಗಿ ನೂಕಿದರೆ ಚಿಕ್ಕ ಹುಡುಗಿಯ ಕೈಗೂ ಅದು ಮಾವಿನ ಕೊಂಬೆ ಮುಟ್ಟುವಷ್ಟು ಏರುತ್ತದೆ. ಲಯ ತಪ್ಪಿ ನೂಕಿದರೆ ಪೈಲವಾನನ ಕೈಗೂ ಏರದು.

ನೆಲಕ್ಕೂ ಹೀಗೆಯೇ ತನ್ನ ಲಯವಿದೆ. ನಾವು ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಹೆಜ್ಜೆ ಇಡುತ್ತೇವೆ. ಈ ಎರಡರ ಪೆಟ್ಟಿನಲ್ಲಿ ನಾಲ್ಕರ, ಆರರ ಸಣ್ಣ ಪೆಟ್ಟುಗಳೂ ಅಡಗಿರುತ್ತವೆ. ನೆಲದ ಲಯ ಇವುಗಳಿಗೆ ಹತ್ತಿರವಾದರೆ ಪ್ರತಿ ಹೆಜ್ಜೆಯೂ ಜೋಕಾಲಿಯನ್ನು ನೂಕಿದಂತೆ. ಆದುದರಿಂದ ನೆಲದ ಲಯ ಸೆಕೆಂಡಿಗೆ 8ಕ್ಕಿಂತ ಮೇಲಿರುವುದು ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಉದಾಹರಣೆಯ 2 × 4 ನೆಲ ಖಾಲಿಯಿರುವಾಗ ಸೆಕೆಂಡಿಗೆ ಸುಮಾರು ಆರೂವರೆ ಸಲ ಅದುರುತ್ತದೆ. 2 × 6 ಜಂತಿಯದು 12 ಸಲ. ಮೊದಲನೆಯದು ಹೆಜ್ಜೆಗೆ ತಾಳ ಹಾಕುತ್ತದೆ, ಎರಡನೆಯದು ಹಾಕುವುದಿಲ್ಲ.

ಇದು ಕಟ್ಟುಕತೆಯಲ್ಲ. 1831ರ ಏಪ್ರಿಲ್ 12ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರೌಟನ್ ತೂಗುಸೇತುವೆಯ ಮೇಲೆ ಸಿಪಾಯಿಗಳು ಹೆಜ್ಜೆ ಕೂಡಿಸಿ ನಡೆದಾಗ ಸೇತುವೆ ಕುಣಿಯತೊಡಗಿ ಒಂದು ಕಡೆ ಕುಸಿದುಬಿತ್ತು. ಅಂದಿನಿಂದ ಸೇತುವೆ ದಾಟುವಾಗ ಹೆಜ್ಜೆ ಮುರಿದು ನಡೆಯಬೇಕೆಂದು ಸೈನ್ಯದಲ್ಲಿ ಆಜ್ಞೆಯಾಯಿತು. ಹಳೆಯ ಬಟ್ಟೆ ಗಿರಣಿಗಳಲ್ಲಿಯೂ ನೂಲುವ ಯಂತ್ರಗಳನ್ನು ಮೇಲಿನ ಅಂತಸ್ತುಗಳಲ್ಲಿ ಇಡುತ್ತಿದ್ದರು. ಆದರೆ ಮಗ್ಗಗಳನ್ನು ಹೆಚ್ಚಾಗಿ ನೆಲಮಟ್ಟದ ಶೆಡ್ಡಿನಲ್ಲೇ ಇಡುತ್ತಿದ್ದರು. ಬೆಳಕಿನ ಅನುಕೂಲದ ಜೊತೆಗೆ ಮಗ್ಗದ ಬಡಿತವೂ ಇದಕ್ಕೊಂದು ಕಾರಣ.

ಮೊದಲು ಪರೀಕ್ಷೆ, ಆಮೇಲೆ ಮದ್ದು

ರೋಗ ತಿಳಿಯದೆ ಔಷಧ ಕೊಡಬಾರದು. ಒಂದು ರವಿವಾರ ಮುಂಜಾನೆ ಕೆಳಗಿನ ಪರೀಕ್ಷೆಗಳನ್ನು ಮಾಡಿರಿ. ಒಂದು ದಾರ, ಒಂದು ಅಳತೆಪಟ್ಟಿ, ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಬ್ಯಾಟರಿ ಇದ್ದರೆ ಸಾಕು.

1. ದಾರದ ಪರೀಕ್ಷೆ. ಜಂತಿಯ ತಳಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ನಡುವೆ ಜಂತಿ ದಾರಕ್ಕಿಂತ ಎಷ್ಟು ಕೆಳಗೆ ಜಗ್ಗಿದೆಯೆಂದು ಅಳೆದು ತಾರೀಖು ಹಾಕಿ ಗೋಡೆಯ ಮೇಲೆ ಬರೆದಿಡಿರಿ. ತಿಂಗಳ ನಂತರ ಮತ್ತೆ ಅಳೆಯಿರಿ. ಅಂಕಿ ಹಾಗೆಯೇ ಇದ್ದರೆ ಅದು ಹಳೆಯ ಬಾಗು. ಹೆಚ್ಚಾಗಿದ್ದರೆ ಅದು ಎಚ್ಚರಿಕೆಯ ಗಂಟೆ.

2. ಕೋಲಿನ ಪರೀಕ್ಷೆ. ಕೆಳಗಿನ ನೆಲದಿಂದ ಜಂತಿಯ ತಳಕ್ಕೆ ಒಂದು ಇಂಚು ಕಡಿಮೆಯಿರುವ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಮೇಲೆ ಒಬ್ಬರು ಜಂತಿಯ ನಡುವೆ ನಿಲ್ಲಲಿ. ಕೋಲಿಗೂ ಜಂತಿಗೂ ನಡುವಿನ ಸಂದು ಎಷ್ಟು ಕಡಿಮೆಯಾಯಿತೆಂದು ಅಳೆಯಿರಿ. ಪ್ರತಿ ಜಂತಿಗೂ ಹೀಗೆಯೇ ಮಾಡಿ ಬರೆದುಕೊಳ್ಳಿರಿ. ಎಲ್ಲ ಜಂತಿಗಳೂ ಒಂದೇ ಸಮ ಇಳಿದರೆ ಉದ್ದ ಮತ್ತು ಎತ್ತರದ ದೋಷ. ಒಂದೆರಡು ಮಾತ್ರ ಹೆಚ್ಚು ಇಳಿದರೆ ಆ ಜಂತಿಗಳಲ್ಲೇ ಏನೋ ಕೆಟ್ಟಿದೆ.

3. ತುದಿಯ ಪರೀಕ್ಷೆ. ಜಂತಿ ಗೋಡೆಯೊಳಗೆ ಹೋಗುವ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿರಿ. ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದು ಬೆಣ್ಣೆಯಂತೆ ಒಳಗೆ ಬಿಡುತ್ತದೆ. ಗೆದ್ದಲಿನ ಮಣ್ಣಿನ ಹಾದಿಯನ್ನೂ, ಕೊರೆಹುಳು ಉದುರಿಸಿದ ಹುಡಿಯನ್ನೂ ಹುಡುಕಿರಿ. ಮೇಲೆ ಮೋರಿ ಇದ್ದರೆ ಅದರ ಕೆಳಗಿನ ಜಂತಿಯನ್ನು ಎರಡು ಸಲ ನೋಡಿರಿ. ಮುಂಬಯಿಯ ಮಳೆಗಾಲದಲ್ಲಿ ಹಸಿಗೋಡೆಯೊಳಗಿನ ಮರ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೊಳೆತಿರಬಹುದು.

4. ಸಡಿಲಿನ ಪರೀಕ್ಷೆ. ಹೆಜ್ಜೆಯಿಟ್ಟಲ್ಲಿ ಕಿರ್ ಎಂಬ ಸದ್ದು ಬಂದರೆ ಪ್ಲೈವುಡ್ ಜಂತಿಗೆ ಅಂಟಿಲ್ಲ, ಮೊಳೆ ಎದ್ದಿದೆ ಎಂದರ್ಥ. ಇದು ಚಿಕ್ಕ ರೋಗ.

5. ಕೊರೆತದ ಪರೀಕ್ಷೆ. ವಿದ್ಯುತ್ತಿನ ಕೊಳವೆಗಾಗಿಯೋ ನೀರಿನ ಪೈಪಿಗಾಗಿಯೋ ಯಾರಾದರೂ ಜಂತಿಯ ತಳದಲ್ಲಿ ಕಚ್ಚು ಹೊಡೆದಿದ್ದಾರೆಯೇ ನೋಡಿರಿ. ಭಾರ ಬಿದ್ದಾಗ ಜಂತಿಯ ಮೇಲ್ಭಾಗ ಒತ್ತಲ್ಪಡುತ್ತದೆ, ತಳಭಾಗ ಎಳೆಯಲ್ಪಡುತ್ತದೆ. ನಾಲ್ಕು ಇಂಚಿನ ಜಂತಿಯ ನಡುವೆ ತಳದಲ್ಲಿ ಒಂದು ಇಂಚು ಕಚ್ಚು ಹೊಡೆದರೆ ಬಲ ಕಾಲು ಭಾಗ ಮಾತ್ರ ಕುಗ್ಗುವುದಿಲ್ಲ. ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ.

ಮಾಡಬಾರದ ಮದ್ದುಗಳು

ನೆಲ ಕುಣಿಯುತ್ತದೆಂದರೆ ಮೇಲೆ ಭಾರ ಹಾಕಿರಿ, ಅದುಮಿಕೊಂಡು ಸುಮ್ಮನಾಗುತ್ತದೆ ಎಂದು ಹೇಳುವವರುಂಟು. ಸಿಮೆಂಟು ಹಾಸಿ ಶಹಾಬಾದ ಫರಸಿ ಕೂಡಿಸುವ ಸಲಹೆಯೂ ಬರುತ್ತದೆ. ಶಹಾಬಾದ ನಮ್ಮ ಕಲಬುರಗಿ ಜಿಲ್ಲೆಯದು. ಬೇಸಿಗೆಯಲ್ಲಿ ಅದರ ತಂಪನ್ನು ಬಲ್ಲವರಿಗೆ ಆ ಕಲ್ಲಿನ ಮೇಲೆ ಪ್ರೀತಿ ಸಹಜ. ಆದರೆ ಒಂದು ಇಂಚು ದಪ್ಪದ ಫರಸಿ ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ. ನಮ್ಮ 12 × 10 ಫೂಟಿನ ಖೋಲಿಗೆ ಕಲ್ಲೇ 7 ಕ್ವಿಂಟಾಲು. ಕೆಳಗೆ ಒಂದು ಇಂಚು ಸಿಮೆಂಟು ಮರಳು ಸೇರಿದರೆ ಒಟ್ಟು ಹನ್ನೆರಡು ಕ್ವಿಂಟಾಲು ದಾಟುತ್ತದೆ. ಆಗ ನೆಲದ ಲಯ ಆರೂವರೆಯಿಂದ ಮೂರೂವರೆಗೆ ಇಳಿದು ಹೆಜ್ಜೆಯ ಲಯಕ್ಕೆ ಇನ್ನೂ ಹತ್ತಿರವಾಗುತ್ತದೆ. ಜಂತಿ ಮೊದಲೇ 25 ಮಿಲಿಮೀಟರು ಬಾಗಿ ಕುಳಿತುಕೊಳ್ಳುತ್ತದೆ, ಕಲ್ಲಿನ ಸಂದುಗಳು ಬಿರುಕು ಬಿಡುತ್ತವೆ. ಫರಸಿ ನೆಲಮಟ್ಟದ ಖೋಲಿಗೆ ಭೂಷಣ, ತೆಳು ಜಂತಿಯ ಮಾಳಿಗೆಗೆ ಶತ್ರು.

ಎರಡನೆಯ ಭ್ರಮೆ ಕಬ್ಬಿಣದ ಕೋನಪಟ್ಟಿಯದು. ಮರ ಬೇಡ, ಆಂಗಲ್ ಹಾಕಿ, ಕಬ್ಬಿಣ ಬಾಗುತ್ತದೆಯೇ ಎನ್ನುತ್ತಾರೆ. ಬಾಗುತ್ತದೆ. 50 × 50 ಮಿಲಿಮೀಟರಿನ, 6 ಮಿಲಿಮೀಟರು ದಪ್ಪದ ಆಂಗಲ್‌ನ ಬಿಗುವು ನಮ್ಮ 2 × 4 ಮರದ ಜಂತಿಯ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಕಬ್ಬಿಣ ಮರಕ್ಕಿಂತ ಇಪ್ಪತ್ತು ಪಟ್ಟು ಬಿಗುವಾದ ವಸ್ತು ನಿಜ. ಆದರೆ ಎರಡೇ ಇಂಚು ಎತ್ತರದಲ್ಲಿ ಅದು ಏನು ಮಾಡೀತು? ಎತ್ತರವೇ ಮುಖ್ಯವೆಂಬ ಸೂತ್ರ ಕಬ್ಬಿಣಕ್ಕೂ ತಪ್ಪಿದ್ದಲ್ಲ. ಅದೇ 75 ಮಿಲಿಮೀಟರು ಎತ್ತರದ ಚಾನೆಲ್ ಹಾಕಿದರೆ ಮರದ ಜಂತಿಯ ಮೂರೂವರೆ ಪಟ್ಟು ಬಿಗುವು ಸಿಗುತ್ತದೆ.

ಮೂರನೆಯದು, ಡಿಪೋದಿಂದ ಬಂದ ಹಸಿಮರವನ್ನೇ ಏರಿಸುವುದು. ಭಾರ ಹೊತ್ತುಕೊಂಡೇ ಒಣಗಿದ ಮರ ಬಾಗಿದ ರೂಪದಲ್ಲೇ ನಿಂತುಬಿಡುತ್ತದೆ. ಒಣಗಿದ ಮರವನ್ನೇ ಆರಿಸಬೇಕು.

ಮಾಡಬೇಕಾದ ಮದ್ದುಗಳು: ಚಿಕ್ಕದರಿಂದ ದೊಡ್ಡದಕ್ಕೆ

ಮೊದಲನೆಯದು, ಖರ್ಚಿಲ್ಲದ ಮದ್ದು. ಸಾಮಾನುಗಳ ಜಾಗ ಬದಲಿಸಿರಿ. 200 ಲೀಟರಿನ ನೀರಿನ ಡ್ರಮ್ಮು ತುಂಬಿದರೆ 200 ಕಿಲೋ, ಮೂವರು ಗಂಡಾಳುಗಳು ಸದಾ ಒಂದೇ ಕಡೆ ನಿಂತಂತೆ. ಅದು ಮಾಳಿಗೆಯ ನಡುವೆ ಇರಲೇಬಾರದು. ಸಾಧ್ಯವಾದರೆ ಕೆಳಗಿಳಿಸಿರಿ, ಆಗದಿದ್ದರೆ ಜಂತಿ ಗೋಡೆಯ ಮೇಲೆ ಕುಳಿತ ತುದಿಗೆ ಸರಿಸಿರಿ. ಕಬ್ಬಿಣದ ಕಪಾಟು, ಕಾಳಿನ ಡಬ್ಬಿ, ಟ್ರಂಕುಗಳಿಗೂ ಇದೇ ನಿಯಮ.

ಎರಡನೆಯದು, ಬಿಗಿ ಮಾಡುವುದು. ಮೊಳೆಗಳನ್ನು ಕಿತ್ತು ಸ್ಕ್ರೂ ಹಾಕಿರಿ. ಎರಡು ಫೂಟಿನ ಸಂದಿಗೆ 12 ಮಿಲಿಮೀಟರಿನ ಪ್ಲೈವುಡ್ ತೀರ ತೆಳು. 19 ಮಿಲಿಮೀಟರಿನದು ಬೇಕು. ಹಾಳೆಯ ಉದ್ದ ಜಂತಿಗಳಿಗೆ ಅಡ್ಡವಾಗಿರಬೇಕು, ಹಾಳೆಗಳ ಸಂದು ಜಂತಿಯ ಮೇಲೆಯೇ ಬರಬೇಕು. ಜಂತಿಯ ತಲೆಗೆ ಅಂಟು ಹಚ್ಚಿ, ಆರು ಇಂಚಿಗೊಂದರಂತೆ ಎರಡು ಇಂಚಿನ ಸ್ಕ್ರೂ ಬಿಗಿಯಿರಿ. ನೀರು ಬೀಳುವ ಕಡೆ ಐ.ಎಸ್. 710 ಎಂಬ ಗುರುತಿರುವ ಜಲನಿರೋಧಕ ಪ್ಲೈವುಡ್ಡನ್ನೇ ಕೇಳಿ ತೆಗೆದುಕೊಳ್ಳಿರಿ.

ಮೂರನೆಯದು, ಅಡ್ಡಗಟ್ಟಿಗೆ. ಜಂತಿ ಜಂತಿಗಳ ನಡುವೆ, ಉದ್ದದ ಮಧ್ಯದಲ್ಲಿ, ಅದೇ ಎತ್ತರದ ಮರದ ತುಂಡುಗಳನ್ನು ಬಿಗಿಯಾಗಿ ಕೂಡಿಸಿ ಎರಡೂ ಕಡೆ ಸ್ಕ್ರೂ ಹಾಕಿರಿ. ಆಗ ಒಂದು ಜಂತಿಯ ಮೇಲೆ ಬಿದ್ದ ಹೆಜ್ಜೆಯ ಭಾರದಲ್ಲಿ ಪಕ್ಕದವೂ ಪಾಲು ತೆಗೆದುಕೊಳ್ಳುತ್ತವೆ. ಸಂಘದ ಕೆಲಸದಂತೆ ಇದು. ಒಬ್ಬನ ಹೆಗಲಿನದು ಮೂವರಿಗೆ ಹಂಚುತ್ತದೆ. ಆದರೆ ಎಲ್ಲ ಜಂತಿಗಳೂ ದುರ್ಬಲವಾಗಿದ್ದು ನೆಲ ಪೂರ್ತಿ ತುಂಬಿದ್ದರೆ ಅಡ್ಡಗಟ್ಟಿಗೆಯಿಂದ ಹೊಸ ಬಲ ಬರುವುದಿಲ್ಲ ಎಂಬುದು ನೆನಪಿರಲಿ.

ನಾಲ್ಕನೆಯದು, ಜೋಡುಜಂತಿ. ಹಳೆಯ 2 × 4ರ ಪಕ್ಕಕ್ಕೆ ಹೊಸ 2 × 4 ಸೇರಿಸಿದರೆ ಬಾಗು ಅರ್ಧವಾಗುತ್ತದೆ: 9 ಇದ್ದದ್ದು ನಾಲ್ಕೂವರೆ ಮಿಲಿಮೀಟರು. 2 × 6 ಸೇರಿಸಿದರೆ 2 ಮಿಲಿಮೀಟರಿಗೆ ಇಳಿಯುತ್ತದೆ. ಎರಡರ ತಲೆಯೂ ಸಮನಾಗಿರಬೇಕು, ಹೊಸ ಜಂತಿಯ ಎರಡು ತುದಿಗಳೂ ಗೋಡೆಯ ಮೇಲೆ ನಾಲ್ಕು ಇಂಚಾದರೂ ಕುಳಿತಿರಬೇಕು. ಅವುಗಳನ್ನು ಫೂಟಿಗೊಂದರಂತೆ ವಾಷರು ಸಹಿತ ಬೋಲ್ಟಿನಿಂದ ಕಟ್ಟಬೇಕು. ಗೋಡೆಯೊಳಗೆ ಸೇರುವ ತುದಿಗೆ ಮರಕಾಪು ಎಣ್ಣೆ ಬಳಿದು, ಸುತ್ತ ಗಾಳಿಯಾಡಲು ಬೆರಳಷ್ಟು ಸಂದು ಬಿಡಬೇಕು.

ಐದನೆಯದು, ನಡುತೊಲೆ. ಎಲ್ಲಕ್ಕಿಂತ ಫಲಕಾರಿಯಾದುದು ಇದು. ಖೋಲಿಯ 12 ಫೂಟು ಉದ್ದಕ್ಕೆ, ಜಂತಿಗಳ ನಟ್ಟನಡುವೆ ಅವುಗಳ ಕೆಳಗೆ 150 ಮಿಲಿಮೀಟರು ಎತ್ತರದ ಕಬ್ಬಿಣದ ಗರ್ಡರು ಹಾಯಿಸುವುದು. 10 ಫೂಟಿನ ನೆಗೆತ ಐದೈದು ಫೂಟಿನ ಎರಡು ಅಂಕಣಗಳಾಗುತ್ತದೆ. ಜಂತಿಯ ಇಳಿತ ಎಂಟರಲ್ಲೊಂದಾಗಿ 9 ಮಿಲಿಮೀಟರಿನಿಂದ ಒಂದೇ ಮಿಲಿಮೀಟರಿಗೆ ಬರುತ್ತದೆ. ಈ ಗರ್ಡರು ಮೀಟರಿಗೆ 15 ಕಿಲೋ, ಒಟ್ಟು ಸುಮಾರು 60 ಕಿಲೋ. ಮೇಲೆ ಹಾಸಿದ ಏಳು ಕ್ವಿಂಟಾಲು ಕಲ್ಲು ಮಾಡದ ಕೆಲಸವನ್ನು ಕೆಳಗಿನ 60 ಕಿಲೋ ಕಬ್ಬಿಣ ಮಾಡುತ್ತದೆ. ತಲೆಗೆ ತಾಗೀತೆಂಬ ಚಿಂತೆಯಿದ್ದರೆ ಅಡಿಗೆಯ ಭಾಗಕ್ಕೂ ಮಲಗುವ ಭಾಗಕ್ಕೂ ನಡುವೆ ಪರದೆ ಬರುವ ಸಾಲಿನಲ್ಲಿಯೇ ಗರ್ಡರು ಬರುವಂತೆ ಖೋಲಿಯನ್ನು ಹೊಂದಿಸಿಕೊಳ್ಳಬಹುದು.

ಆದರೆ ಇಲ್ಲಿಯೇ ಎಚ್ಚರ ಬೇಕು. ಭಾರ ಮಾಯವಾಗುವುದಿಲ್ಲ, ದಾರಿ ಬದಲಿಸುತ್ತದೆ ಅಷ್ಟೆ. ಮೊದಲು ಏಳು ಜಂತಿಗಳ ಮೂಲಕ ಗೋಡೆಯುದ್ದಕ್ಕೂ ಹಂಚುತ್ತಿದ್ದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈಗ ಗರ್ಡರಿನ ಎರಡೇ ತುದಿಗಳಿಗೆ ಬರುತ್ತದೆ. ನೆಲ ಪೂರ್ತಿ ತುಂಬಿದಾಗ ಒಂದೊಂದು ತುದಿಗೆ ಎಂಟೂವರೆಯಿಂದ ಒಂಬತ್ತು ಕ್ವಿಂಟಾಲು. ನಾಲ್ಕೂವರೆ ಇಂಚಿನ ಒಂಟಿ ಇಟ್ಟಿಗೆಯ ಗೋಡೆಯ ಮೇಲೆ ಅದನ್ನು ಹೊರಿಸಬಾರದು. ಎರಡೂ ತುದಿಗೆ ಕಂಬ ಬೇಕು. ಕಂಬದ ಕೆಳಗೆ ಫರಸಿಯಲ್ಲ, ನೆಲ ಅಗೆದು ಹಾಕಿದ ಕಾಂಕ್ರೀಟಿನ ಪಾಯ ಬೇಕು. ಕೆಳಗೆ ಗಟಾರಿನ ಪಕ್ಕದ ಸಡಿಲ ಮಣ್ಣಿದ್ದರೆ ಪಾಯದ ಅಳತೆಯನ್ನು ಎಂಜಿನಿಯರರಿಂದಲೇ ಕೇಳಿ ತಿಳಿಯಬೇಕು. ಗರ್ಡರು ಮತ್ತು ಪಾಯದ ಬಗ್ಗೆ ಒಮ್ಮೆ ಸಲಹೆ ಕೇಳುವುದಕ್ಕೆ ಕೊಡುವ ಹಣ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು.

ಕೆಲಸದ ವೇಳೆ ಜೋಪಾನ

ದುರಸ್ತಿಗೆ ಮೊದಲು ಮಾಳಿಗೆಯನ್ನು ಖಾಲಿ ಮಾಡಿರಿ. ತಾತ್ಪೂರ್ತಿಕ ಆಸರೆಯ ಕಂಬಗಳ ಕೆಳಗೂ ಮೇಲೂ ಉದ್ದ ಹಲಗೆ ಇಡಿರಿ. ಜಗ್ಗಿದ ಜಂತಿಯನ್ನು ಜಾಕಿನಿಂದ ಒಂದೇ ದಿನ ಎತ್ತಬೇಡಿರಿ; ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತಬೇಕು, ಇಲ್ಲದಿದ್ದರೆ ಗೋಡೆ ಬಿರುಕು ಬಿಡುತ್ತದೆ. ವಿದ್ಯುತ್ತಿನ ಮುಖ್ಯ ಸ್ವಿಚ್ಚು ತೆಗೆದೇ ಮರ ಕೊರೆಯಿರಿ. ವೆಲ್ಡಿಂಗಿನ ಕೆಲಸವಿದ್ದರೆ ಅಡಿಗೆಯ ಗ್ಯಾಸಿನ ಸಿಲಿಂಡರು, ಹಾಸಿಗೆ, ಬಟ್ಟೆಬರೆಗಳನ್ನು ಹೊರಗೆ ಸಾಗಿಸಿ, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಹತ್ತಿರವಿರಲಿ. ಕಿಡಿ ಎರಡು ಹಲಗೆಗಳ ಸಂದಿಯಲ್ಲಿ ಗಂಟೆಗಟ್ಟಲೆ ಅಡಗಿರಬಲ್ಲದು. ಕೆಲಸ ಮುಗಿದ ಮೇಲೂ ಕಾದು ನೋಡಬೇಕು.

ನಮ್ಮ ಕೈಗೆ ಮೀರಿದ್ದು

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಸ್ಕ್ರೂಡ್ರೈವರ್ ಕೆಳಗಿಡಿರಿ: ದಾರದ ಅಳತೆ ತಿಂಗಳಿಂದ ತಿಂಗಳಿಗೆ ಹೆಚ್ಚುವುದು, ಜಂತಿಯಲ್ಲಿ ಹೊಸ ಸೀಳು, ಗೋಡೆಯಲ್ಲಿ ಓರೆಯಾದ ಬಿರುಕು, ಬಾಗಿಲು ಇದ್ದಕ್ಕಿದ್ದಂತೆ ಹಿಡಿಯುವುದು, ತುದಿಗಳು ಕೊಳೆತಿರುವುದು, ರಾತ್ರಿಯಲ್ಲಿ ಮರ ಲಟಲಟ ಎನ್ನುವುದು. ಆಗ ಮಾಳಿಗೆಯಲ್ಲಿ ಯಾರೂ ಮಲಗಬಾರದು.

ಹಳೆಯ ಚಾಳಿನಲ್ಲಿರುವವರಿಗೆ ಇನ್ನೊಂದು ಮಾತು. ಮುಂಬಯಿ ದ್ವೀಪನಗರದ ಹಳೆಯ ಸೆಸ್ ಕಟ್ಟಡಗಳ ದುರಸ್ತಿಗಾಗಿ 1969ರ ಕಾಯಿದೆಯಿಂದ ಒಂದು ಮಂಡಳಿ ಹುಟ್ಟಿತು. ಅದು ಈಗ ಮ್ಹಾಡಾದ ಅಂಗ. ಅಲ್ಲಿ ನಿಮ್ಮ ನೆಲ ಇನ್ನೊಬ್ಬರ ಸೂರು. ಯಾವ ತೊಲೆಯನ್ನೂ ಗೋಡೆಯನ್ನೂ ನಿಮ್ಮಷ್ಟಕ್ಕೆ ಕಡಿಯದೆ, ಬಾಡಿಗೆದಾರರೆಲ್ಲ ಕೂಡಿ ಮಂಡಳಿಗೆ ಅರ್ಜಿ ಬರೆಯಬೇಕು. ವಸತಿಗಳಲ್ಲಿ ಮಾಳಿಗೆ ಏರಿಸುವವರು ಎತ್ತರದ ನಿಯಮವನ್ನು ಮೊದಲೇ ವಾರ್ಡ್ ಕಚೇರಿಯಲ್ಲಿ ವಿಚಾರಿಸಿರಿ. ಅಪಾಯ ಕಂಡರೆ ಮಹಾನಗರಪಾಲಿಕೆಯ 1916 ಸಂಖ್ಯೆಗೆ ಫೋನು ಮಾಡಿರಿ. ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ.

2021ರ ಜೂನ್ 9ರ ರಾತ್ರಿ, ಜೋರು ಮಳೆಯ ದಿನ, ಮಲಾಡಿನ ಮಾಲ್ವಣಿಯಲ್ಲಿ ಅಂತಸ್ತು ಏರಿಸಿದ ಒಂದು ಮನೆ ಪಕ್ಕದ ಚಿಕ್ಕ ಮನೆಯ ಮೇಲೆ ಕುಸಿದು, ಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಒತ್ತೊತ್ತಾಗಿ ಬದುಕುವ ನಮ್ಮ ಓಣಿಗಳಲ್ಲಿ ನಮ್ಮ ಮಾಳಿಗೆಯ ಹೊಣೆ ನಮ್ಮ ಮನೆಗೆ ಮಾತ್ರ ಮುಗಿಯುವುದಿಲ್ಲ. ಕೆಳಗೆ ಮಲಗಿದವರೂ ಪಕ್ಕದಲ್ಲಿ ಮಲಗಿದವರೂ ನಮ್ಮ ಜಂತಿಯನ್ನು ನಂಬಿ ಮಲಗಿರುತ್ತಾರೆ.

ಅಭ್ಯಾಸ

1. 2 × 4ರ ಬದಲು 2 × 5 ಇಂಚಿನ ಜಂತಿ ಹಾಕಿದರೆ ಬಿಗುವು ಎಷ್ಟು ಪಟ್ಟಾಗುತ್ತದೆ? (ಉತ್ತರ: 250ನ್ನು 128ರಿಂದ ಭಾಗಿಸಿರಿ, ಸುಮಾರು ಎರಡು ಪಟ್ಟು.)

2. ಅದೇ ಜಂತಿ 10 ಫೂಟಿನ ಬದಲು 12 ಫೂಟು ದಾಟಿದರೆ ನಡುವೆ ನಿಂತವನಿಗೆ ಎಷ್ಟು ಹೆಚ್ಚು ಬಾಗುತ್ತದೆ? (ಉತ್ತರ: 12 × 12 × 12 = 1728; 10 × 10 × 10 = 1000. ಒಂದೂಮುಕ್ಕಾಲು ಪಟ್ಟಿನಷ್ಟು.)

3. ನಿಮ್ಮ ಮಾಳಿಗೆಯ ಜಂತಿಯ ಅಗಲ, ಎತ್ತರ, ಉದ್ದ, ಸಂದು ಮತ್ತು ಕೋಲಿನ ಪರೀಕ್ಷೆಯ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು ತನ್ನಿರಿ. ಉತ್ತರವನ್ನು ಕೂಡಿ ಕಂಡುಹಿಡಿಯೋಣ. ಮಳೆಗಾಲ ಬರುವುದಕ್ಕೆ ಮೊದಲೇ ತನ್ನಿರಿ.